ಮಣ್ಣು ಮುಟ್ಟದ ಶೂ

ಚನ್ನರಾಯಪಟ್ಟಣ ಹೋಬಳಿ,
ದೇವನಹಳ್ಳಿ ತಾಲ್ಲೂಕು.
22-9-2025, ಸೋಮವಾರ, ಬೆಳಿಗ್ಗೆ

ಚಿರಂಜೀವಿ ದೇವರಾಜನಿಗೆ ನಿನ್ನ ಅಮ್ಮ ಮುನಿಲಕ್ಷ್ಮಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪ? ಮಂಡಿ ನೋವು ಕಡಿಮೆಯಾಯಿತೇ? ಗೋಡೌನಿನ ಸಿಮೆಂಟು ನೆಲದ ಮೇಲೆ ಹಗಲೆಲ್ಲ ನಿಂತು, ಮಲಗುವುದೂ ಅದೇ ನೆಲದ ಮೇಲೆ ಚಾಪೆ ಹಾಸಿಕೊಂಡು ಎಂದು ಟೆಂಪೋ ಓಡಿಸುವ ಮುನಿಕೃಷ್ಣ ಹೇಳಿದ. ಮನೆಯಲ್ಲಿ ನಿನಗೊಂದು ಮಂಚ ಇದೆ, ಮರೆತಿದ್ದರೆ ಜ್ಞಾಪಿಸುತ್ತಿದ್ದೇನೆ. ಹೋಟೆಲಿನ ಅನ್ನ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ಹುರಿಗಾಳು ಕಳಿಸಿದ್ದೇನೆ, ಡಬ್ಬಿ ವಾಪಸ್ಸು ಕಳಿಸು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ ಅಂದುಕೋ.

ಈ ಕಾಲದಲ್ಲಿ ಕಾಗದ ಬರೆಯುವವರು ಯಾರು ಎಂದು ನಿನ್ನ ಮಗಳು ಸಿಂಚನ ನಗುತ್ತಾಳೆ. ಏನು ಮಾಡಲಿ? ಫೋನು ಮಾಡಿದರೆ ‘ಹೂನಮ್ಮ’ ಅನ್ನುತ್ತೀಯ, ‘ಲಾರಿ ಬಂತು, ಆಮೇಲ್ ಮಾಡ್ತೀನಿ’ ಅನ್ನುತ್ತೀಯ. ನಿನ್ನ ಆ ಆಮೇಲೆ ಇನ್ನೂ ಬಂದಿಲ್ಲ. ನೀನೇನು ದುಬೈಗೆ ಹೋಗಿ ಕೂತಿದ್ದೀಯಾ? ದಾಬಸ್‌ಪೇಟೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಮುದ್ದೆಗೆ ಇಲ್ಲಿರಬಹುದು. ಮಗ ಗುರುವಿನ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಹೋದವನು ನೀನು, ಒಂದು ವರ್ಷ ಕಳೆದು ಇನ್ನೊಂದು ನಡೆಯುತ್ತಿದೆ. ಕಾಗದವಾದರೆ ನೀನು ಮಧ್ಯದಲ್ಲಿ ಬಾಯಿ ಹಾಕುವಂತಿಲ್ಲ, ಲಾರಿ ಬಂತು ಎನ್ನುವಂತಿಲ್ಲ. ಅದಕ್ಕೇ ಕನ್ನಡಕ ಏರಿಸಿಕೊಂಡು ಕೂತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ಸೊಟ್ಟಗಿದ್ದರೆ ಸಹಿಸಿಕೋ.

ಗುರುವಿಗೆ ನೀನು ಕೊಡಿಸಿದ್ದ ಆ ವಾಲಿಬಾಲ್ ಶೂ ನಿನಗೆ ನೆನಪಿದ್ದೇ ಇರುತ್ತದೆ. ಬಿಳಿ ಮೈ, ನೀಲಿ ಪಟ್ಟಿ, ಅಡಿಯಲ್ಲಿ ಬೆಲ್ಲದ ಬಣ್ಣದ ರಬ್ಬರು. ಅದನ್ನು ಅವನು ಎಂದಾದರೂ ಬೀದಿಗೆ ಹಾಕಿಕೊಂಡು ಹೋಗಿದ್ದನೇ? ಚಪ್ಪಲಿ ಮೆಟ್ಟಿಕೊಂಡು, ಶೂವನ್ನು ಮಗುವಿನಂತೆ ಬ್ಯಾಗಿನಲ್ಲಿ ಮಲಗಿಸಿಕೊಂಡು ಹೋಗುತ್ತಿದ್ದ. ಇಂಡೋರ್ ಸ್ಟೇಡಿಯಮ್ಮಿನ ಒಳಗೆ ಕಾಲಿಟ್ಟ ಮೇಲೆಯೇ ಅದು ಹೊರಗೆ ಬರುತ್ತಿದ್ದದ್ದು. ಮೊದಲನೇ ದಿನ ಅದನ್ನು ಹಾಕಿಕೊಂಡು ನಮ್ಮ ಪಡಸಾಲೆಯಲ್ಲಿ ಓಡಾಡಿದಾಗ ನಾನು ಪೊರಕೆ ಹಿಡಿದೆ. ಮನೆಯೊಳಗೆ ಮೆಟ್ಟು ಮೆಟ್ಟುವ ಬುದ್ಧಿ ಯಾರು ಕಲಿಸಿದರೋ ಎಂದು ಕೂಗಾಡಿದೆ. ಆ ಪೋರ ಏನಂದ ಗೊತ್ತಾ? ‘ಅಜ್ಜಿ, ಇದು ಹುಟ್ಟಿದಾಗಿಂದ ಮಣ್ಣು ಮುಟ್ಟಿಲ್ಲ ಕಣಜ್ಜಿ. ನಿನ್ ದೇವ್ರ ಮನೆಗಿಂತ ಮಡಿ.’ ರಂಜಿತ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅತ್ತೆಯ ಮಾತು ಬಿದ್ದುಹೋದರೆ ಸೊಸೆಗೆ ಹಬ್ಬವಲ್ಲವೇ! ಅವತ್ತಿನಿಂದ ದೀಪ ಹಚ್ಚುವ ಹೊತ್ತಿಗೆ ಅದು ದಿನದ ಪಾಠವಾಯಿತು. ಅಡುಗೆಮನೆ ಕಡೆಯಿಂದ ಕಿರ್ ಕಿರ್ ಎಂದು ಓಡಿಬಂದು, ಎಗರಿ, ನಡುಬಾಗಿಲ ಮೇಲಿನ ತೊಲೆಗೆ ಅಂಗೈ ಬಡಿದು, ಎರಡೂ ಕಾಲು ಒಟ್ಟಿಗೆ ಊರಿ ಧಪ್ಪೆಂದು ಇಳಿಯುವುದು. ಜಗುಲಿಯಿಂದ ನೀನು ಕೂಗುವುದು: ‘ತೊಲೆ ಬೀಳಿಸ್ತೀಯ ಕಣ್ಲಾ! ತಲೆ ಒಡ್ಕೊಂತೀಯ!’ ನೀನು ಕೂಗಿದ ಮೇಲೆಯೇ ಅವನಿಗೆ ಸಮಾಧಾನ. ನೀನು ಮನೆಯಲ್ಲಿಲ್ಲದ ದಿನ ಅವನು ಎಗರುತ್ತಲೇ ಇರಲಿಲ್ಲ. ಇದನ್ನು ನೀನು ಗಮನಿಸಿದ್ದೀಯೋ ಇಲ್ಲವೋ, ನಾನು ಗಮನಿಸಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ಸರ್ವೀಸ್ ರಸ್ತೆಯಲ್ಲಿ ಆ ಲಾರಿ ಅಡ್ಡ ಬಂದಾಗಲೂ ಅವನ ಕಾಲಲ್ಲಿ ಇದ್ದದ್ದು ಚಪ್ಪಲಿ. ಶೂ ಬ್ಯಾಗಿನಲ್ಲಿತ್ತು. ಅದನ್ನು ನಾನು ಬಿಡಿಸಿ ಬರೆಯುವುದಿಲ್ಲ, ನೀನೂ ಓದಬೇಡ. ಹೋದವರ ಮೆಟ್ಟು ಮನೆಯಲ್ಲಿ ಇರಬಾರದು, ಮೊದಲ ಹಿಡಿ ಮಣ್ಣು ಹಾಕಿದ ಕೈಯೇ ಅದನ್ನು ಕೊಂಡೊಯ್ದು ಸಮಾಧಿ ಗುಡ್ಡೆಯ ಕಾಲದೆಸೆಗೆ ಬಿಡಬೇಕು ಎನ್ನುವುದು ನಮ್ಮ ಮನೆತನದ ಪದ್ಧತಿ. ಹನ್ನೊಂದನೇ ದಿನ ನೀನು ಹೊಲದ ಗುಡ್ಡೆಯ ಹತ್ತಿರ ಅವನ ಚಪ್ಪಲಿ ಬಿಟ್ಟು, ತಿರುಗಿ ನೋಡದೆ ಬಂದೆ. ಎಲ್ಲ ಮುಗಿಯಿತು ಅಂದುಕೊಂಡೆವು. ಪೊಲೀಸಿನವರು ಕೊಟ್ಟ ಬ್ಯಾಗು ಮಾತ್ರ ಗೂಟಕ್ಕೆ ತೂಗುಹಾಕಿದ್ದು ಹಾಗೆಯೇ ಇತ್ತು. ಅದರೊಳಗೆ ಇನ್ನೊಂದು ಜೊತೆ ಮೆಟ್ಟು ಇದೆ ಎನ್ನುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಣ್ಣು ಮುಟ್ಟದ ವಸ್ತುವನ್ನು ನಾವು ಮೆಟ್ಟು ಎಂದು ಎಣಿಸಿರಲೇ ಇಲ್ಲ, ನೋಡು.

ಈಗ ನಿನ್ನ ಮಗಳ ವಿಷಯ. ಬೈರಣ್ಣ ಗೊತ್ತಲ್ಲ, ನಮ್ಮ ಹೊಲದಾಚೆ ಹಿಪ್ಪುನೇರಳೆ ಬೆಳೆಯುತ್ತಿದ್ದವನು, ಈಗ ಆ ಜಾಗದಲ್ಲಿ ಎತ್ತರದ ಶೀಟಿನ ಶೆಡ್ಡು ಹಾಕಿ ಶಟಲ್ ಕೋರ್ಟು ಮಾಡಿದ್ದಾನೆ. ಒಳಗೆ ಮರದ ನೆಲ, ಅದರ ಮೇಲೆ ಹಸಿರು ಹಾಸು. ಏರ್‌ಪೋರ್ಟ್ ಕಡೆಯ ಹೋಟೆಲುಗಳ ಹುಡುಗರು ಬೆಳಗಾಗುವ ಮೊದಲೇ ಬಂದು ಕುಣಿಯುತ್ತಾರೆ. ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದ ಆಸಾಮಿ ಈಗ ಬಾಗಿಲಲ್ಲಿ ನಿಂತು ಎಲ್ಲರ ಅಂಗಾಲು ನೋಡುತ್ತಾನೆ. ಬೀದಿಯ ಶೂ ಒಳಕ್ಕೆ ಬರಕೂಡದು. ನಿನ್ನ ಮಗಳು ಸ್ಕೂಲಿನಲ್ಲಿ ಬರಿಗಾಲಲ್ಲಿ ಶಟಲ್ ಆಡಿ ಗೆದ್ದವಳು, ಇಲ್ಲಿ ಬಾಗಿಲಲ್ಲೇ ನಿಲ್ಲಬೇಕಾಯಿತು. ಅಮ್ಮನ ಹತ್ತಿರ ಹೊಸ ಶೂ ಕೇಳುವಂತಿಲ್ಲ, ನಮ್ಮ ಮನೆಯಲ್ಲಿ ಆಗ ಶೂ ಎನ್ನುವ ಮಾತೇ ಎತ್ತುವಂತಿರಲಿಲ್ಲ. ಗೂಟದಿಂದ ಬ್ಯಾಗು ಇಳಿಸಿದಳು. ಯಾರಿಗೂ ಹೇಳಲಿಲ್ಲ.

ಕೆಲವು ದಿನವಾದ ಮೇಲೆ ರಂಜಿತ ನನ್ನ ಹತ್ತಿರ ಬಂದು ಕೂತಳು. ಮುಖದಲ್ಲಿ ಎಂಥದೋ ಬೆಳಕು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಪಡಸಾಲೆಯಲ್ಲಿ ಕಿರ್ ಕಿರ್ ಸದ್ದಾಯಿತಂತೆ. ‘ಅತ್ತೆ, ಅವ್ನೇ. ನಂಗೊತ್ತಿಲ್ವಾ?’ ಅಂದಳು. ನಾನು ಇಲಿ ಇರಬೇಕು ಅಂದೆ. ಆಮೇಲೆ ನಡುಬಾಗಿಲ ಪಕ್ಕದಲ್ಲಿ ಒಂದು ಲೋಟ ಹಾಲು ಮುಚ್ಚಿಟ್ಟಿರುವುದನ್ನು ನೋಡಿದೆ. ಇಡೀ ದಿನ ಕೂತು ಅದು ಕೆನೆಗಟ್ಟಿತ್ತು. ಮಾರನೇ ದಿನವೂ ಇತ್ತು. ಹೊಟ್ಟೆಯಲ್ಲಿ ಹುಟ್ಟಿದವನ ದುಃಖ ಅವಳದು, ಲೋಟ ಎತ್ತದೆ ಹಾಗೆಯೇ ಬಿಟ್ಟೆ. ಒಂದು ಸಂಜೆ ಅವಳು ಡೈರಿಗೆ ಹೊರಟಂತೆ ಹೊರಟು, ಅರ್ಧ ದಾರಿಯಿಂದ ಹಿಂದಿರುಗಿ ಬಾಗಿಲು ತಳ್ಳಿದಳು. ಒಳಗೆ ಸಿಂಚನ. ಕಾಲಲ್ಲಿ ಅಣ್ಣನ ಶೂ, ಕೈಯಲ್ಲಿ ಬ್ಯಾಟು, ನೆಲದ ಮೇಲೆ ಸುಣ್ಣದ ಗೆರೆ. ಹುಡುಗಿ ಹೆದರಿ ಗೋಡೆಗೆ ಅಂಟಿಕೊಂಡಳು. ಇವತ್ತು ಬೆನ್ನ ಮೇಲೆ ಬೀಳುತ್ತದೆ ಎಂದು ನಾನು ಎದ್ದು ಬಂದೆ. ರಂಜಿತ ಹೊಡೆಯಲಿಲ್ಲ, ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ‘ಇನ್ನೊಂದ್ ಸಲ ನಡಿಯೇ’ ಅಂದಳು.

ಹೊಡೆದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ದೀಪ ಹಚ್ಚುವ ಹೊತ್ತಿಗೆ ಆ ಹುಡುಗಿ ಶೂ ಹಾಕಿಕೊಂಡು ಪಡಸಾಲೆಯಲ್ಲಿ ನಡೆಯಬೇಕು, ತಾಯಿ ಕಣ್ಣು ಮುಚ್ಚಿಕೊಂಡು ಕೇಳಬೇಕು. ಶೂ ದೊಡ್ಡದಾಯಿತು ಎಂದು ರಂಜಿತಳೇ ಗುರುವಿನ ಹಳೇ ಬನಿಯನ್ನು ಹರಿದು ಬೆರಳಿನ ಕಡೆ ತುರುಕಿಕೊಟ್ಟಳು. ಮೊದಲು ನಡೆದಳು, ಆಮೇಲೆ ಓಡಿದಳು. ಶ್ರಾವಣ ಬರುವಷ್ಟರಲ್ಲಿ ತೊಲೆಗೆ ಎಗರತೊಡಗಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಎಗರಿ ಇಳಿಯುವಾಗ ಎರಡೂ ಕಾಲು ಒಟ್ಟಿಗೆ, ಧಪ್ಪೆಂದು, ಅವನ ಹಾಗೆಯೇ. ಒಂದು ದಿನ ಅವಳ ಬೆರಳು ತೊಲೆಗೆ ತಾಗಿಬಿಟ್ಟಿತು. ಅಲ್ಲಿ ಗುರುವಿನ ಅಂಗೈ ಗುರುತು ಎಣ್ಣೆಗಪ್ಪಾಗಿ ಕೂತಿದೆಯಲ್ಲ, ಅದರ ಮೇಲೆಯೇ. ಇಳಿದವಳು ನನ್ನ ಕಡೆ ತಿರುಗಿ ‘ಅಜ್ಜಿ, ಹೊಟ್ಟೆ ಅಸೀತಾ ಐತೆ, ಹಾಕು’ ಅಂದಳು. ಆ ರಾಗ ಅವಳದಲ್ಲ. ನಾನು ತಟ್ಟೆ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಸಾಮಿ ಫೋಟೋ ಮುಂದೆ ನಿಂತೆ. ಹೆದರಿದೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಆಗ ಬೈರಣ್ಣನ ಶೆಡ್ಡಿಗೆ ಹೋದೆ. ಮುದುಕಿ ಶಟಲ್ ಆಡಲು ಬಂದಳು ಎಂದು ಹೋಟೆಲಿನ ಹುಡುಗರು ಎದ್ದು ನಿಂತರು. ಅಲ್ಲಿ ಆಟ ಕಲಿಸುವವನು ನವೀನ್‌ಕುಮಾರ್ ಅಂತ, ಹೊಸಕೋಟೆ ಕಡೆಯವನು, ಒಳ್ಳೆಯ ಮಾತಿನವನು. ವಾಲಿಬಾಲ್ ಶೂ ಹಾಕಿಕೊಂಡು ಶಟಲ್ ಆಡುವುದು ತಪ್ಪೇನಪ್ಪ ಎಂದು ಕೇಳಿದೆ. ತಪ್ಪಿಲ್ಲ ಅಂದ. ಒಬ್ಬಳು ಟೇಬಲ್ ಟೆನಿಸಿನದು ಹಾಕಿಕೊಂಡು ಬರುತ್ತಾಳಂತೆ, ಒಬ್ಬ ಹುಡುಗ ಸ್ಕ್ವಾಷ್ ಎನ್ನುವ ಇನ್ಯಾವುದೋ ಆಟದ್ದು. ಒಳಗಿನ ನೆಲಕ್ಕೆ ಮಾಡಿದ ಶೂ ಯಾವುದಾದರೂ ನೆಲ ಹಿಡಿಯುತ್ತದೆ, ಗುರುತು ಬೀಳಿಸುವುದಿಲ್ಲ, ಕೆಲಸ ನಡೆಯುತ್ತದೆ. ‘ಆದ್ರೆ ಅಜ್ಜಿ, ವಾಲಿಬಾಲಿಂದು ಎಗರೋರಿಗೆ ಮಾಡಿರೋದು. ಹಿಮ್ಮಡಿ ದಪ್ಪ, ಕಾಲು ಎತ್ತರದಲ್ಲಿ ನಿಲ್ತದೆ. ಶಟಲ್‌ನಲ್ಲಿ ನೆಲಕ್ಕೆ ಅಂಟ್ಕೊಂಡು ಪಕ್ಕಕ್ಕೆ ನುಗ್ಬೇಕು, ಒಂದೇ ಕಾಲು ಮುಂದಿಟ್ಟು ಬಗ್ಗಬೇಕು. ಅದರಲ್ಲೂ ಅಳತೆ ಇವಳದಲ್ಲ. ಒಂದಿನ ಮಗುಚ್ಕೊಂಡು ಕಾಲು ಮುರ್ಕೊಂತಾಳೆ.’ ಆಗಲೇ ಒಂದು ಸಲ ಕಾಲಿನ ಹರಡು ಹೊರಳಿ ಊದಿಕೊಂಡಿತ್ತಂತೆ, ಮನೆಯಲ್ಲಿ ಹೇಳಿಲ್ಲ, ಅದೇ ಕಾಲಲ್ಲಿ ತಾಯಿಯ ಮುಂದೆ ನಡೆದಿದ್ದಾಳೆ. ನಾನು ಹೊರಟಾಗ ಆ ಹುಡುಗ ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದ. ‘ಮೊದ್ಲು ಚೆನ್ನಾಗಿ ಶಟಲ್ ಆಡ್ತಿದ್ಲು. ಈಗ ಬೇರೆ ಯಾರೋ ಆಡ್ದಂಗೆ ಆಡ್ತಾಳೆ. ಕಾಲೇ ಅವಳ ಮಾತು ಕೇಳ್ತಿಲ್ಲ.’ ಅವನಿಗೆ ನಮ್ಮ ಗುರುವಿನ ವಿಷಯ ಗೊತ್ತಿರಲಿಲ್ಲ.

ದಾರಿಯಲ್ಲಿ ಹುಡುಗಿಯನ್ನು ನಿಲ್ಲಿಸಿ, ಬ್ಯಾಗಿನಲ್ಲಿರುವ ಆ ಶೂ ಬಿಟ್ಟುಬಿಡೇ, ಹೊಸದು ಕೊಡಿಸುತ್ತೇನೆ ಅಂದೆ. ಅವಳು ಅಳಲಿಲ್ಲ. ‘ಬಿಟ್ರೆ ಅಮ್ಮ ನನ್ನ ಮುಖಾನೇ ನೋಡಲ್ಲ ಅಜ್ಜಿ. ಈಗ ಹಾಕ್ಕೊಂಡ್ರೂ ಮುಖ ನೋಡಲ್ಲ, ಕಣ್ಣು ಮುಚ್ಕೊಂಡಿರ್ತಾಳೆ. ಆದ್ರೂ ಪಕ್ಕದಲ್ಲಿರ್ತಾಳಲ್ಲ’ ಅಂದಳು. ಮಗನೇ, ನಿನಗೆ ಇಬ್ಬರು ಮಕ್ಕಳು. ಒಬ್ಬ ಹೋದ. ಇನ್ನೊಬ್ಬಳು ನಮ್ಮ ಕಣ್ಣೆದುರೇ ದಿನಕ್ಕಿಷ್ಟು ದಿನಕ್ಕಿಷ್ಟು ಹೋಗುತ್ತಿದ್ದಳು. ಈ ಕಾಗದದಲ್ಲಿ ಬೇರೆ ಯಾವುದನ್ನು ಮರೆತರೂ ಇದೊಂದನ್ನು ಮರೆಯಬೇಡ.

ನಮ್ಮ ಓಣಿಯ ಅಮ್ಮಯಮ್ಮ ಇದ್ದಾಳಲ್ಲ, ಎಲ್ಲದಕ್ಕೂ ಒಂದು ಶಾಸ್ತ್ರ ಹೇಳುವವಳು, ಅವಳನ್ನು ಕೇಳಿದೆ. ಮೆಟ್ಟು ಮನೆಯಲ್ಲಿ ಉಳಿದಿರುವುದರಿಂದ ಇಷ್ಟೆಲ್ಲ ಅಂದಳು. ಪಿತೃಪಕ್ಷದ ಅಮಾವಾಸ್ಯೆಗೆ ವರ್ಷ ತುಂಬಿದ ಗುರುವನ್ನೂ ಹಿರಿಯರ ಜೊತೆ ಸೇರಿಸಿ ಎಡೆ ಇಡಬೇಕಿತ್ತು. ನನ್ನ ಕೈಯಲ್ಲಿ ಎಣ್ಣೆ ನೀರು ಹಾಕಿಸಿಕೊಂಡ ಹುಡುಗನನ್ನು ಹಿರಿಯ ಎಂದು ಕರೆಯಲು ನಾಲಿಗೆ ಹೊರಳಲಿಲ್ಲ. ಆದರೂ ನನಗೊಂದು ದಾರಿ ಹೊಳೆಯಿತು. ಹಿರಿಯರಿಗೆ ಇಟ್ಟ ಹೊಸ ಬಟ್ಟೆಯನ್ನು ಆಮೇಲೆ ಮನೆಯವರು ಉಡುವುದು ವಾಡಿಕೆಯೇ ಅಲ್ಲವೇ? ಬಟ್ಟೆಯಾದರೆ ಆಗುತ್ತದೆ, ಶೂ ಯಾಕಾಗಬಾರದು? ಸಿಂಚನಳನ್ನು ಪೇಪರಿನ ಮೇಲೆ ನಿಲ್ಲಿಸಿ ಇದ್ದಿಲಲ್ಲಿ ಪಾದದ ಸುತ್ತ ಗೆರೆ ಎಳೆದೆ. ಎಷ್ಟು ಚಿಕ್ಕ ಪಾದ ದೇವರಾಜ! ಆ ದೊಡ್ಡ ಶೂಗಳಲ್ಲಿ ಅದನ್ನು ನೋಡೀ ನೋಡೀ ನನಗೆ ಮರೆತೇಹೋಗಿತ್ತು. ಆ ಅಳತೆಗೆ ನವೀನ್‌ಕುಮಾರ್ ಬೆಂಗಳೂರಿನಿಂದ ಶಟಲ್ ಶೂ ತಂದುಕೊಟ್ಟ. ತೆಳುವಾದ ಅಡಿ, ಪಾರಿವಾಳದ ಹಾಗೆ ಹಗುರ.

ನಿನ್ನೆ ಅಮಾವಾಸ್ಯೆ. ನೀನು ಬರುತ್ತೀಯ ಎಂದು ಮಧ್ಯಾಹ್ನದ ತನಕ ಬಾಗಿಲು ನೋಡಿದೆ. ಬರಲಿಲ್ಲ, ನಾವೇ ಇಟ್ಟೆವು. ನಿಮ್ಮಪ್ಪನಿಗೆ ಪಂಚೆ, ನಮ್ಮತ್ತೆಗೆ ಸೀರೆ, ಗುರುವಿಗೆ ಹೊಸ ಶೂ, ಅದರ ಪಕ್ಕದಲ್ಲಿ ಹಳೇ ಶೂ. ಕಜ್ಜಾಯ, ವಡೆ, ಜೊತೆಗೆ ಬೇಕರಿಯ ಎಗ್ ಪಫ್ಸು. ಹಿರಿಯರ ಎಡೆಗೆ ಇದೆಂಥದೇ ಎಂದು ಅಮ್ಮಯಮ್ಮ ಮೂಗಿನ ಮೇಲೆ ಬೆರಳಿಟ್ಟಳು. ನಿಮ್ಮ ಹಿರಿಯರು ತಿಂದಿಲ್ಲದಿದ್ದರೆ ನಮ್ಮ ಹಿರಿಯನೇನು ಮಾಡಿಯಾನು, ಅವನು ಇದನ್ನೇ ತಿನ್ನುತ್ತಿದ್ದದ್ದು ಅಂದೆ. ಹಳೇ ಶೂವನ್ನು ಎಡೆಗೆ ಇಡಲು ರಂಜಿತ ಬಹಳ ಹೊತ್ತು ಬಿಡಲಿಲ್ಲ, ಎದೆಗೆ ಅವುಚಿಕೊಂಡು ಕೂತಿದ್ದಳು. ಕೊನೆಗೆ ಇಟ್ಟಳು. ಆಮೇಲೆ ಪದ್ಧತಿಯಂತೆ ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು.

ಇವತ್ತು ಬೆಳಿಗ್ಗೆ ಸಿಂಚನ ಹೊಸ ಶೂಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಬೈರಣ್ಣನ ಶೆಡ್ಡಿಗೆ ಹೋದಳು. ತಾಯಿ ತಾನಾಗಿ ಕಳಿಸಿದಳು, ತಲೆ ಬಾಚಿ, ಮುಖ ನೋಡಿ ಕಳಿಸಿದಳು. ಹೇಗೆ ಒಪ್ಪಿದಳು ಎಂದು ಕೇಳಬೇಡ. ಅದನ್ನು ಬರೆಯಬಾರದು ಅಂದುಕೊಂಡಿದ್ದೇನೆ. ಹಳೇ ಶೂ ಮಾತ್ರ ಎಡೆ ಇಟ್ಟ ಜಾಗದಲ್ಲಿಯೇ ಇದೆ. ಅದನ್ನು ಗುಡ್ಡೆಗೆ ಒಯ್ಯಲು ನನ್ನ ಕೈ ಸಲ್ಲುವುದಿಲ್ಲ, ರಂಜಿತಳದೂ ಸಲ್ಲುವುದಿಲ್ಲ. ಮಣ್ಣು ಹಾಕಿದ ಕೈ ದಾಬಸ್‌ಪೇಟೆಯಲ್ಲಿ ಲಾರಿಗೆ ಚೀಟಿ ಹರಿಯುತ್ತಿದೆ. ನಿನ್ನ ಸಂಕಟ ನನಗೆ ಗೊತ್ತಿಲ್ಲವೆಂದಲ್ಲಪ್ಪ. ಮನೆಗೆ ಬಂದರೆ ಅವನಿಲ್ಲ ಎನ್ನುವುದು ನಿಜವಾಗಿಬಿಡುತ್ತದೆ, ಅಲ್ಲಿದ್ದರೆ ಇಲ್ಲಿ ಎಲ್ಲೋ ಆಡಿಕೊಂಡಿದ್ದಾನೆ ಅಂದುಕೊಂಡಿರಬಹುದು. ನಾನೂ ಒಬ್ಬಳು ತಾಯಿ, ನನಗೂ ಮಗ ಬೇಕು. ಒಂದು ದಿನದ ಮಟ್ಟಿಗೆ ಬಂದು ಹೋಗು.

ರಂಜಿತ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿಲ್ಲ, ಆದರೆ ನಾನು ಬರೆಯುವಾಗ ಎರಡು ಸಲ ಬಂದು ಇಣುಕಿದಳು. ಸೀಮೆಹಸು ಹೆಣ್ಣುಕರು ಹಾಕಿದೆ. ಮಂಡಿಗೆ ಎಳ್ಳೆಣ್ಣೆ ಹಚ್ಚು, ಚಾಪೆಯ ಕೆಳಗೆ ಗೋಣಿಚೀಲವಾದರೂ ಹಾಕಿಕೋ. ಆ ತಾಯಿ ಗಂಗಮ್ಮ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಮುನಿಲಕ್ಷ್ಮಮ್ಮ

ತಾ.ಕ.: ಮುನಿಕೃಷ್ಣ ಟೆಂಪೋ ಸ್ಟಾರ್ಟ್ ಮಾಡಿಕೊಂಡು ಹಾರನ್ನು ಹೊಡೆಯುತ್ತಿದ್ದಾನೆ. ಬರೆಯುವುದಿಲ್ಲ ಅಂದದ್ದನ್ನು ಬರೆಯದೆ ಕಾಗದ ಅಂಟಿಸಲು ಮನಸ್ಸು ಬರುತ್ತಿಲ್ಲ. ನಿನ್ನೆ ಬಾಗಿಲು ಮುಚ್ಚಿ ನಾವು ಹೊರಗೆ ನಿಂತಿದ್ದಾಗ ಒಳಗೆ ಸದ್ದಾಯಿತು. ಅಡುಗೆಮನೆ ಕಡೆಯಿಂದ ಕಿರ್ ಕಿರ್ ಎಂದು ಓಡಿಬಂತು, ತೊಲೆಗೆ ಬಡಿಯಿತು, ಎರಡೂ ಕಾಲು ಒಟ್ಟಿಗೆ ಇಳಿಯಿತು. ಸಿಂಚನ ನನ್ನ ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದಳು, ಅವಳ ಕೈ ನನ್ನ ಕೈಯಲ್ಲಿತ್ತು. ರಂಜಿತ ಮಗಳ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು, ತಬ್ಬಿಕೊಂಡು ‘ಅವ್ನೇ ಬಂದವ್ನೆ. ಇನ್ ನೀನು ನಡೀಬೇಡ ಕಣೇ’ ಅಂದಳು. ಮಗಳು ಬಿಡುಗಡೆಯಾದಳು. ಅವನಿಗೆ ಇನ್ನೂ ಆಗಿಲ್ಲ. ಇಳಿದ ಮೇಲೆ ಹೆಜ್ಜೆ ಸದ್ದಿಲ್ಲ, ಅವನು ಅಲ್ಲಿಯೇ ನಿಂತಿದ್ದ. ಏನಕ್ಕೆ ಕಾಯುತ್ತಿದ್ದಾನೆ ಎಂದು ನಮಗೆಲ್ಲ ಗೊತ್ತಾಯಿತು, ಜಗುಲಿಯಲ್ಲಿ ನೀನು ಕೂತು ಕೂಗುತ್ತಿದ್ದ ಜಾಗ ಮಾತ್ರ ಖಾಲಿ ಇತ್ತು. ಬಂದು ಒಂದು ಸಲ ಅವನನ್ನು ಬೈದು ಹೋಗಪ್ಪ.